ಸುದ್ದಿಯ ನಡುವೆ ಬಾಗಿಲು ಬಡಿದದ್ದು

ಅಪ್ಪ ಶಾಸಕರಾಗುವುದಕ್ಕೆ ಹನ್ನೆರಡು ವರ್ಷ ಮೊದಲು, ಮೇ ತಿಂಗಳ ಒಂದು ಮಧ್ಯಾಹ್ನ, ರಾಯಚೂರಿನ ನಮ್ಮ ಮನೆಯ ಬಾಗಿಲನ್ನು ಯಾರೋ ಜೋರಾಗಿ ಬಡಿದರು. ಅಪ್ಪ ಆಗ ಕೇಬಲ್ ಚಾನೆಲ್‌ಗೆ ಸುದ್ದಿ ಓದುತ್ತಿದ್ದರು. ಸಂಜೆಯ ಸುದ್ದಿಯನ್ನು ಮಧ್ಯಾಹ್ನವೇ ಪಡಸಾಲೆಯಲ್ಲಿ ರೆಕಾರ್ಡ್ ಮಾಡುವ ಪದ್ಧತಿ. ಸದ್ದಾಗಬಾರದೆಂದು ಫ್ಯಾನ್ ಆರಿಸಿ ಕಿಟಕಿ ಮುಚ್ಚುತ್ತಿದ್ದರು. ನಡುವೆ ನಿಲ್ಲಿಸಿದರೆ ಮೊದಲಿನಿಂದ ಓದಬೇಕಿತ್ತು. ಕ್ಯಾಮೆರಾಕ್ಕೆಂದು ಅಪ್ಪ ಮುಖಕ್ಕೆ ಹಚ್ಚಿಕೊಂಡ ಪೌಡರು ಬೆವರಿಗೆ ಕರಗುತ್ತಿದ್ದ ವಾಸನೆ ಬಂದರೆ ನನಗೆ ಈಗಲೂ ಆ ಪಡಸಾಲೆ ನೆನಪಾಗುತ್ತದೆ.

ಅಂದು ಚೀಕಲಪರ್ವಿಯ ಹೊಳೆಯಿಂದ ಮರಳು ಕದಿಯುವವರ ಸುದ್ದಿಯಿತ್ತು.

"ಏ ಸುದ್ದಿಯಪ್ಪಾ, ಹೊರಗ ಬಾ!" ಎಂದು ಒಬ್ಬ ಕೂಗಿದ. "ನಮ್ಮ ಮರಳಿನ ಸುದ್ದಿ ಓದಿದ್ರ ನಿನ್ನ ನಾಲಿಗಿ ಇರಂಗಿಲ್ಲ ನೋಡು!"

ಅವ್ವ ನನ್ನನ್ನು ಮಂಚದ ಕೆಳಗೆ ಎಳೆದುಕೊಂಡು ಬಾಯಿ ಮುಚ್ಚಿದಳು. ಅವಳ ಅಂಗೈ ತಣ್ಣಗಿತ್ತು.

"ಅಳಬ್ಯಾಡ ನನ್ನವ್ವ, ರೆಕಾರ್ಡ್ ಆಗಾಕತ್ತದ," ಎಂದು ಪಿಸುಗುಟ್ಟಿದಳು.

ಅಪ್ಪನ ದನಿ ನಡುಗಲಿಲ್ಲ. ಮರಳಿನ ಸುದ್ದಿಯನ್ನು ಪೂರ್ತಿ ಓದಿದರು. ಆಮೇಲೆ ಹೊರಗೆ ಜೀಪು ಹೊರಟ ಸದ್ದಾಯಿತು. ಸಂಜೆ ರಾಯಚೂರು ಸುದ್ದಿಯ ಜೊತೆಗೆ ಆ ಬಡಿತವನ್ನೂ ಕೇಳಿತು. ಮರುದಿನ ಬಸ್ಸಿನಲ್ಲಿ ಕಳಿಸಿದ ವಿಡಿಯೊ ಕ್ಯಾಸೆಟ್ಟಿನಿಂದ ಮಾನ್ವಿ, ದೇವದುರ್ಗದವರೂ ಕೇಳಿದರು.

ಅಪ್ಪ ಈವರೆಗೆ ಎರಡು ಸಲ ಚುನಾವಣೆ ಗೆದ್ದಿದ್ದಾರೆ. ಅಂದು ಬಾಗಿಲಲ್ಲಿ ನಾಲಿಗೆಯ ಮಾತು ಕೂಗಿದ ಆ ಒಬ್ಬರೇ ಈಗ ಅಪ್ಪನ ಆಪ್ತ ಸಹಾಯಕರು. ಹೋದ ವಾರ ನಾನು ಅಪ್ಪನಿಗೆ ಫೋನ್ ಮಾಡಿದಾಗ ಆ ಸಹಾಯಕರೇ ಎತ್ತಿ, "ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರವ್ವಾ," ಎಂದರು.