ವರಪರೀಕ್ಷೆ

ದಾನಪ್ಪನವರು ಬೇಕಂತಲೇ ಕಿತ್ತಳೆ ಸಿಪ್ಪೆಯನ್ನು ಮರಳಿನ ಮೇಲೆ ಬೀಳಿಸಿ, ಟೋಪಿಯ ಅಂಚಿನಡಿಯಿಂದ ಓರೆಗಣ್ಣಲ್ಲಿ ಕಾದರು.

ಕೌಸ್ತುಭ್ ಬಂದ. ಬಗ್ಗಿದ. ಸಿಪ್ಪೆಯ ಜೊತೆಗೆ ಪಕ್ಕದಲ್ಲಿ ಬಿದ್ದಿದ್ದ ಎರಡು ಬೀಜಗಳನ್ನೂ ಹೆಕ್ಕಿ ಸೊಂಟದ ಚೀಲಕ್ಕೆ ಹಾಕಿಕೊಂಡ. ಮುಖ ಸಿಂಡರಿಸಲಿಲ್ಲ.

"ಬಿಡೋ ತಮ್ಮಾ, ಮಣ್ಣಾಗ ಕೊಳೀತದ."

"ಕೊಳೆಯೋದ್ರೊಳಗೆ ರಕೂನ್ ಬರುತ್ತೆ ಅಂಕಲ್. ಸಿಪ್ಪೆ ರುಚಿ ಹತ್ತಿದ್ರೆ ಆಮೇಲೆ ಆಮೆ ಮೊಟ್ಟೆಗೂ ಕೈ ಹಾಕುತ್ತೆ."

ದಾನಪ್ಪನವರು ಮನಸ್ಸಿನಲ್ಲೇ ಮೊದಲ ಅಂಕ ಕೊಟ್ಟರು.

ಕಡಲಾಚೆಯ ಅಲೆನ್ ಊರಿನಲ್ಲಿ ಮನೆ, ಪಕ್ಕದ ಪ್ಲೇನೋದಲ್ಲಿ ಕೆಲಸ, ಹೆಸರಿನಲ್ಲೇ ದಾನ; ಆದರೂ ಕನ್ಯಾದಾನವೊಂದು ಕೈಗೂಡಿರಲಿಲ್ಲ. ಮಗಳು ನಿಧಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಜಾತಕ, ಫೋಟೊ ಇವುಗಳ ಮೇಲೆ ಅವರಿಗೆ ನಂಬಿಕೆಯಿಲ್ಲ. ಹುಬ್ಬಳ್ಳಿಯಲ್ಲಿ ಅವರ ತಂದೆ ಅಳಿಯನಾಗಬೇಕಾದವನನ್ನು ಮೆಟಡೋರಿನಲ್ಲಿ ಬನಶಂಕರಿಗೆ ಕರೆದುಕೊಂಡು ಹೋಗಿ ಬಂದ ಮೇಲೆಯೇ ತಾಂಬೂಲ ಕೊಟ್ಟಿದ್ದರು. ಜೋಡಿಯಾಗಿ ಪರವೂರಿಗೆ ಹೋದರೆ ಮನುಷ್ಯನ ಬಣ್ಣ ತಿಳಿಯುತ್ತದೆ ಎಂಬುದು ಆ ಮನೆತನದ ಮಾತು. ಹುಡುಗಿಯನ್ನು ಕೇಳುವುದೂ ಉಂಟು. ಎಲ್ಲ ಮುಗಿದ ಮೇಲೆ.

ಫೆಬ್ರವರಿಯಲ್ಲಿ ಆಸ್ಟಿನ್‌ನ ಈ ಹುಡುಗನ ಬಯೋಡೇಟಾ ಬಂದಿತ್ತು. ಮೈಸೂರಿನವನು. ವಾರಾಂತ್ಯವಾದರೆ ವ್ಯಾನಿನಲ್ಲೇ ಊಟ, ವ್ಯಾನಿನಲ್ಲೇ ನಿದ್ದೆ.

"ವಾನಪ್ರಸ್ಥ ಕೇಳೀನ್ರಿ," ಎಂದು ಹೆಂಡತಿ ಸುಮಿತ್ರವ್ವ ಮೂಗು ಮುರಿದಿದ್ದರು. "ಇದೇನಿದು ವ್ಯಾನಪ್ರಸ್ಥ?"

ಮೇ ತಿಂಗಳಲ್ಲಿ ದಾನಪ್ಪನವರು ಯಾರನ್ನೂ ಕೇಳದೆ ಹುಡುಗನಿಗೆ ಫೋನ್ ಮಾಡಿ, "ಒಂದ್ ಸಲ ನಾನೂ ಬರ್ತೀನಿ" ಎಂದರು.

"ಖಂಡಿತ ಅಂಕಲ್. ನಿಮ್ಮ ಲೈಸೆನ್ಸ್ ನಂಬರ್ ಕಳಿಸ್ತೀರಾ?"

ಎಂಥ ಶಿಸ್ತು ಎಂದುಕೊಂಡರು ದಾನಪ್ಪನವರು. ವಿಷಯ ಕೇಳಿದ ಸುಮಿತ್ರವ್ವ ತುಸು ನಕ್ಕು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. "ಹೋಗಿ ಬರ್ರಿ. ಗಾಳೀನಾದ್ರೂ ತಗೊಂಡು ಬರ್ರಿ."

ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಬಡಾವಣೆಯಲ್ಲಿ ಗೆಳೆಯನ ಮನೆಮುಂದೆ ಕಾರು ಬಿಟ್ಟು ವ್ಯಾನ್ ಹತ್ತಿದಾಗ, ಮುಂದಿನ ಸೀಟಿನಲ್ಲಿ ಸೊಂಟಕ್ಕೆ ದಿಂಬು ಸಿದ್ಧವಾಗಿತ್ತು. ಫ್ಲಾಸ್ಕಿನಲ್ಲಿ ಸಕ್ಕರೆಯಿಲ್ಲದ ಚಹಾ. ಡ್ಯಾಶ್‌ಬೋರ್ಡಿನಲ್ಲಿ ಅಸಿಡಿಟಿ ಮಾತ್ರೆ, ಮರೆತು ಬಂದವರಿಗೆಂದು ಓದುವ ಕನ್ನಡಕ. ಹುಡುಗ ಗಂಟೆಗೊಮ್ಮೆ, ಕೇಳುವ ಮೊದಲೇ, ಶೌಚಾಲಯವಿರುವಲ್ಲಿ ಗಾಡಿ ನಿಲ್ಲಿಸಿದ.

"ನಿನಗ ಇಷ್ಟೆಲ್ಲ ಹೆಂಗ್ ಗೊತ್ತೋ?"

"ಅಭ್ಯಾಸ ಅಂಕಲ್."

ಹಿರಿಯರ ನೆರಳಲ್ಲಿ ಬೆಳೆದವನು. ಎರಡನೆಯ ಅಂಕ.

ಗಾಡಿಗಳನ್ನು ದಾಟಿಸುವ ಫೆರ್ರಿಯಲ್ಲಿ ವ್ಯಾನ್ ದ್ವೀಪ ಸೇರಿತು. ಕಡಲಾಮೆಗಳು ಮೊಟ್ಟೆಯಿಡುವ ಸಂರಕ್ಷಿತ ಜಾಗ. ಗೇಟಿನ ಬಳಿ ರೇಂಜರಮ್ಮ ಕಾಗದ ನೋಡಿದಳು, ದಾನಪ್ಪನವರನ್ನು ನೋಡಿದಳು, ಕೌಸ್ತುಭ್‌ನತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು: "ಇವರೂ ನಿಮ್ಮ ಅಂಕಲ್ಲೇ?"

"ಹೌದು."

ನಂಟು ಬೆಳೆಯುವ ಮೊದಲೇ ಹುಡುಗ ನಂಟಸ್ತಿಕೆ ಒಪ್ಪಿಕೊಂಡುಬಿಟ್ಟ. ದಾನಪ್ಪನವರ ಎದೆ ಉಬ್ಬಿತು.

ಆದರೂ ಪರೀಕ್ಷೆ ಸಡಿಲಿಸಲಿಲ್ಲ. ಕಡಲು ತಂದೆಸೆದ ಕಟ್ಟಿಗೆ ಒಟ್ಟಿ ಬೆಂಕಿ ಹಾಕೋಣವೆಂದರು. "ಸ್ಟೋವ್ ಇದೆಯಲ್ಲ ಅಂಕಲ್, ಆ ಕಟ್ಟಿಗೆ ಅಡೀಲಿ ಏಡಿಗಳ ಸಂಸಾರ ಇರುತ್ತೆ." ಸಮುದ್ರದಲ್ಲೇ ತಟ್ಟೆ ತೊಳೆಯೋಣವೆಂದರು. ಹುಡುಗ ತಟ್ಟೆಯನ್ನು ಒರೆಸಿ, ಒರೆಸಿದ ಕಾಗದವನ್ನೂ ಕಟ್ಟಿಟ್ಟ. ಕೊನೆಗೆ ದಾನಪ್ಪನವರು ಚೊಂಬು ಹಿಡಿದು ಮರಳುದಿಬ್ಬದ ಆಚೆ ಹೊರಟರು. ಹುಡುಗ ಅಡ್ಡ ಬಂದು, ವ್ಯಾನಿನೊಳಗಿನ ಮುಚ್ಚಳದ ಪೆಟ್ಟಿಗೆ ತೋರಿಸಿದ.

"ಅದನ್ನೂ ಹೊತ್ಕೊಂಡು ಹೋಗೋದೇನು?"

"ಎಲ್ಲಾನೂ ಅಂಕಲ್. ನಾವು ತಂದಿದ್ದೇ ತಾನೇ."

ದಾನಪ್ಪನವರು ಒಂದು ಗಳಿಗೆ ನಿಂತರು. ಮಾವನ ಅದನ್ನೂ ಹೊರಲು ತಯಾರಿರುವ ಅಳಿಯ ಈ ಭೂಮಂಡಲದಲ್ಲಿ ಇನ್ನೆಲ್ಲಿ ಸಿಗುತ್ತಾನೆ? ಅಂಕ ಹಾಕುವುದನ್ನೇ ಬಿಟ್ಟರು.

ವಿಚಿತ್ರವೆಂದರೆ ಹುಡುಗ ನಿಧಿಯ ಸುದ್ದಿಯನ್ನು ಒಂದು ಸಲವೂ ಎತ್ತಲಿಲ್ಲ. ಅವಳ ಅಡುಗೆ, ಕೆಲಸ, ಸಿಟ್ಟು, ಯಾವುದನ್ನೂ ಕೇಳಲಿಲ್ಲ. ಮರ್ಯಾದಸ್ಥರ ಮನೆಯ ಮಗ.

ಭಾನುವಾರ ಬೆಳಿಗ್ಗೆ ಕೌಸ್ತುಭ್ ಚಕ್ರದ ಗುರುತುಗಳನ್ನು ಪೊರಕೆಯಿಂದ ಅಳಿಸುತ್ತಿದ್ದಾಗ, ದಾನಪ್ಪನವರು ಯಾರೋ ಎಂದೋ ಬಿಟ್ಟುಹೋದ ಬಾಟಲಿ ಮುಚ್ಚಳಗಳನ್ನು ತಾವಾಗಿಯೇ ಹೆಕ್ಕುತ್ತಿದ್ದರು. ಹದಿನೇಳು ಸಿಕ್ಕವು.

ಮರಳುವ ಫೆರ್ರಿಯಲ್ಲಿ ಕಂಬಿ ಹಿಡಿದು ನಿಂತು ಗಂಟಲು ಸರಿಮಾಡಿಕೊಂಡರು.

"ತಮ್ಮಾ, ಸುತ್ತಿ ಬಳಸಿ ಮಾತಾಡೂದು ನನಗ ಬರೂದಿಲ್ಲ. ನೀ ನನಗ ಒಪ್ಪಿಗಿ. ನಿಮ್ಮ ತಂದಿಯವರ ನಂಬರ್ ಕೊಡು. ಶ್ರಾವಣದಾಗ ಮುಗಿಸಿಬಿಡೂಣು."

ಕೌಸ್ತುಭ್ ಕಡಲನ್ನು ನೋಡಿದ. ತನ್ನ ಚಪ್ಪಲಿ ನೋಡಿಕೊಂಡ.

"ಅಂಕಲ್, ನಿಧಿ ಮಾರ್ಚ್‌ನಲ್ಲೇ ನಂಗೆ ಬೇಡ ಅಂದ್ರಲ್ಲ. ಆಂಟಿಗೂ ಗೊತ್ತು. ನೀವೂ ಒಂದ್ ಸಲ ಮಗಳನ್ನ ಕೇಳಿರ್ತೀರಿ ಅಂದ್ಕೊಂಡೆ."

ದಾನಪ್ಪನವರು ಟೋಪಿ ತೆಗೆದರು. "ಮತ್ತ ನನ್ನ ಯಾಕ ಕರ್ಕೊಂಡು ಬಂದ್ಯೋ ಮಾರಾಯಾ?"

"ಒಬ್ಬರಿಗೇ ಇಲ್ಲಿ ಪರ್ಮಿಟ್ ಕೊಡಲ್ಲ ಅಂಕಲ್, ಇಬ್ಬರು ಬೇಕು. ಹೋದ ತಿಂಗಳು ಫಾರ್ಮರ್ಸ್ ಬ್ರಾಂಚ್ ಊರಿನ ಗೋವಿಂದರಾಜು ಅಂಕಲ್ ಹೀಗೇ ನನ್ನನ್ನ ನೋಡೋಕೆ ಬಂದಿದ್ರು, ಅವರೂ ಒಪ್ಪಿದ್ರು."