ಜೊತೆಗಾರ ತುಂಬಿದ ಬಂದೂಕು

ಮೂವತ್ತನೆಯ ಗುಂಡನ್ನು ಭಾವನ ಮ್ಯಾಗಝೀನಿಗೆ ಒತ್ತುವಾಗ ಪೇದೆಯ ಹೆಬ್ಬೆರಳು ಜಾರಿತು. ಉಳಿದ ಇಪ್ಪತ್ತೊಂಬತ್ತರಂತೆ ಇದೂ ತರಬೇತಿಯ ಡಮ್ಮಿ. ಅದೇ ತೂಕ, ಅದೇ ಹೊಳಪು, ಒಳಗೆ ಮದ್ದಿಲ್ಲ.

ಎದುರಿನ ಬೆಂಚಿನಲ್ಲಿ ಭಾವ, ಅಕ್ಕನ ಗಂಡ, ಬೆನ್ನು ತಿರುಗಿಸಿ ಕೂತು ಪೇದೆಯ ಮ್ಯಾಗಝೀನ್ ತುಂಬುತ್ತಿದ್ದ. ಮಫ್ತಿ ದಳದ ರಿವಾಜು ಅದು. ನಿನ್ನ ಬಂದೂಕನ್ನು ತುಂಬುವವನು ನಿನ್ನ ಜೊತೆಗಾರ. ಅವನು ತುಂಬಿಕೊಟ್ಟದ್ದನ್ನು ಬಿಚ್ಚಿ ನೋಡುವುದೆಂದರೆ ಅವನ ಮುಖಕ್ಕೆ ಉಗಿದಂತೆ.

ಹಿಂಬದಿಯ ಹಿಡಿ ಮಡಚಿದರೆ ಮೊಳದುದ್ದವೂ ಇಲ್ಲದ ಸಬ್‌ಮಷೀನ್‌ಗನ್‌ಗಳು. ಲಿಫ್ಟ್ ರಿಪೇರಿಯವರ ನೀಲಿ ಅಂಗಿ ತೊಟ್ಟು, ಇಬ್ಬರೂ ಅವನ್ನು ಸ್ಪ್ಯಾನರುಗಳ ಚೀಲಕ್ಕೆ ಇಳಿಸಿದರು.

"ನಿಮ್ಮಕ್ಕನಿಗಿಂತ ಇದೇ ವಾಸಿ ಕಣೋ," ಎಂದ ಭಾವ. "ಟ್ರಿಗರ್ ಒತ್ತಿದ್ರೆ ಮಾತ್ರ ಬಾಯಿ ತೆಗೆಯತ್ತೆ."

ಪೇದೆಗೆ ನಗು ಬರಲಿಲ್ಲ.

ಕಳ್ಳ ಬಂದೂಕು ಮಾರುವ ಗ್ಯಾಂಗಿನ ಮೇಲೆ ಮೂರು ಸಲ ದಾಳಿ, ಮೂರು ಸಲವೂ ಹಕ್ಕಿ ಹಾರಿತ್ತು. ಒಳಗಿನವರೇ ಯಾರೋ ಸುಳಿವು ಕೊಡುತ್ತಿದ್ದರು. ನಿನ್ನೆ ದಳದ ಸಾಹೇಬರು ಬಾಗಿಲು ಹಾಕಿಕೊಂಡು ಹೇಳಿದ್ದರು: "ನಿನ್ನ ಭಾವನೇ ಕಣಯ್ಯ. ನಾಳೆ ಗ್ಯಾಂಗಿನವರು ಬಂದ ಕೂಡ್ಲೇ ಅವನ ಬಂದೂಕು ನಿನ್ನ ಕಡೆ ತಿರುಗತ್ತೆ. ಅದ್ರಲ್ಲಿ ನಿಜವಾದ ಗುಂಡು ಇರ್ಬಾರ್ದು. ನಿಂದನ್ನ ಬಿಚ್ಚಿ ನೋಡ್ಬೇಡ, ಅವನಿಗೆ ಅನುಮಾನ ಬರತ್ತೆ. ಹೊರಗೆ ನಾನಿರ್ತೀನಿ."

"ಅಕ್ಕನಿಗೆ ಏನು ಹೇಳಲಿ ಸಾರ್?"

"ಮೊದ್ಲು ಬದುಕಿ ಬಾ."

ಮಧ್ಯಾಹ್ನ. ನಾಲ್ಕನೆಯ ಮಹಡಿಯ ಖಾಲಿ ಕೋಣೆ, ಒಂದೇ ಬಾಗಿಲು. ಗ್ಯಾಂಗು ಇಲ್ಲಿಗೇ ಬರುತ್ತದೆಂದು ಸಾಹೇಬರಿಗೆ ಖಚಿತ ಸುದ್ದಿಯಿತ್ತು. ಇಬ್ಬರೂ ಗೋಡೆಗೊರಗಿ ಕಾದರು. ಯಾವಾಗಲೂ ಬಾಯಿಗೆ ಬೀಗವಿಲ್ಲದ ಭಾವ ಇಂದು ಕಣ್ಣು ಕೊಟ್ಟು ಮಾತಾಡುತ್ತಿರಲಿಲ್ಲ.

"ಇವತ್ತು ಏನೇ ಆಗ್ಲಿ," ಎಂದ ಕೊನೆಗೆ, "ನಿಮ್ಮಕ್ಕನ ಮುಂದೆ ನನ್ನ ಕೆಟ್ಟವನು ಅನ್ಬೇಡ."

ಪೇದೆ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ. ಹತ್ತು ವರ್ಷ ಒಂದೇ ಮನೆಯಲ್ಲಿ ಉಂಡವನು. ಸೈಕಲ್ ಕಲಿಸಿದವನು. ಈ ಕೆಲಸಕ್ಕೆ ಅರ್ಜಿ ಬರೆದುಕೊಟ್ಟವನು!

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ನಾಲ್ಕೋ ಐದೋ ಜನ.

ಭಾವನ ಬಂದೂಕು ಚೀಲದಿಂದ ಹೊರಬಂದು ಸೀದಾ ಪೇದೆಯ ಎದೆಗೆ ತಿರುಗಿತು. ಸಾಹೇಬರು ಹೇಳಿದ್ದು ಅಕ್ಷರಶಃ ನಿಜ. ಪೇದೆಯೂ ತನ್ನದನ್ನು ಎತ್ತಿದ.

"ಕೆಳಗಿಡೋ," ಎಂದ ಭಾವ. ಅವನ ಕಣ್ಣಲ್ಲಿ ನೀರಿತ್ತು.

"ನೀವೇ ಇಡಿ ಭಾವ. ಅದ್ರಲ್ಲಿರೋದೆಲ್ಲಾ ಡಮ್ಮಿ. ನಾನೇ ತುಂಬಿದ್ದು."

ಭಾವನ ಮುಖ ಬಿಳಿಚಿಕೊಂಡಿತು.

"ನಿಂದ್ರಲ್ಲೂ ಡಮ್ಮೀನೇ ಕಣೋ. ಸುಳಿವು ಕೊಡೋನು ನೀನು ಅಂತ..."

"ನಾನಾ? ಯಾರು ಹೇಳಿದ್ದು?"

ಉತ್ತರ ಬಾಗಿಲಾಚೆಯಿಂದ, ಸಾಹೇಬರ ಧ್ವನಿಯಲ್ಲೇ ಬಂತು: "ಧೈರ್ಯವಾಗಿ ನುಗ್ಗಿ, ಇಬ್ಬರ ಹತ್ರಾನೂ ಒಂದೂ ಗುಂಡಿಲ್ಲ."