ತೋರುಬೆರಳು

"ದೇಜು ನೀರಿಗೆ ಬಿದ್ದ!" ಎಂದು ಮೊದಲು ಕೂಗಿದವನು ವಾಮನ.

ಹಡಗಿನ ನಿಯಮವೇ ಹಾಗೆ. ಬಿದ್ದವನನ್ನು ಕಂಡವನು ಕಣ್ಣು ಕದಲಿಸದೆ ಅವನತ್ತ ಬೆರಳು ತೋರಿಸುತ್ತ ನಿಲ್ಲಬೇಕು. ಉಳಿದವರು ಆ ಬೆರಳನ್ನೇ ನಂಬಿ ದೋಣಿ ಬಿಡಬೇಕು.

"ಕಾಣ್ತಾ ಉಂಟಾ?" ಕ್ಯಾಪ್ಟನ್ ಕೂಗಿದರು. "ಈ ಐಸಿನಂಥ ನೀರಲ್ಲಿ ಕೈಕಾಲು ಮರಗಟ್ಟಿದ್ರೆ ಮುಗೀತು. ಸರಿಯಾಗಿ ತೋರಿಸು!"

"ಕಾಣ್ತಾ ಉಂಟು ಸರ್. ಎಡಕ್ಕೆ... ಇನ್ನೂ ಎಡಕ್ಕೆ."

ದೋಣಿ ಎಡಕ್ಕೆ ಹೋಯಿತು. ಅಲ್ಲಿ ಬರೀ ಅಲೆ. ಅಷ್ಟರಲ್ಲಿ ದೂರ ಬಲಗಡೆಯಿಂದ ಲೈಫ್‌ಜಾಕೆಟ್ಟಿನ ಸೀಟಿ ಕ್ಷೀಣವಾಗಿ ಕೇಳಿಸಿತು.

ಡೆಕ್ಕಿನ ಮೇಲೆ ಮಲಗಿಸಿದಾಗ ದೇಜುವಿನ ತುಟಿ ನೀಲಿಗಟ್ಟಿತ್ತು. ದವಡೆ ಸೆಟೆದು ಮಾತು ಹೊರಡಲಿಲ್ಲ.

"ಹೇಗೆ ಬಿದ್ದೆ ಮಾರಾಯ?" ಕ್ಯಾಪ್ಟನ್ ಬಗ್ಗಿ ಕೇಳಿದರು.

ದೇಜು ನಡುಗುತ್ತಲೇ ಕೈ ಎತ್ತಿ, ವಾಮನನತ್ತ ಬೆರಳು ತೋರಿಸಿದ.